ಸೋಲಿಸಿದ್ದು ಭೋಳೆತನವಲ್ಲ

ಅಕ್ಟೋಬರ್ 20 ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ, ಟೀವಿ ಚರ್ಚೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಅದೇ ಕತೆ ಮತ್ತೆ ಶುರುವಾಗುತ್ತದೆ. ನೆಹರೂ ಎಂಬ ಕನಸುಗಾರ ಪ್ರಧಾನಿ ಪಾರಿವಾಳ ಹಾರಿಸುತ್ತ ಕೂತಿದ್ದರು. ಸರ್ದಾರ್ ಪಟೇಲರು ಎಚ್ಚರಿಸಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭದ್ರತಾ ಮಂಡಳಿಯ ಕಾಯಂ ಕುರ್ಚಿಯನ್ನು ಚೀನಾಕ್ಕೆ ಧಾರೆ ಎರೆದರು, ಟಿಬೆಟ್ಟನ್ನು ಒಪ್ಪಿಸಿಬಿಟ್ಟರು, ಭಾಯಿ ಭಾಯಿ ಎಂದು ಅಪ್ಪಿಕೊಂಡರು. 1962ರಲ್ಲಿ ಬೆನ್ನಿಗೆ ಚೂರಿ ಬಿತ್ತು. ಕತೆ ಕೇಳಿದವರು ತೆಗೆದುಕೊಂಡು ಹೋಗುವ ಬುದ್ಧಿಮಾತೂ ಸಿದ್ಧವಾಗಿದೆ: ಮೆದುವಾಗಿದ್ದವನು ಕೆಟ್ಟ, ಎದೆ ಸೆಟೆದು ನಿಂತಿದ್ದರೆ ಉಳಿಯುತ್ತಿದ್ದ.

ಇದು ಒಂದೇ ಪಕ್ಷದವರ ಕತೆ ಅಲ್ಲ. ಕಾಂಗ್ರೆಸ್ಸಿಗರೂ ಇದನ್ನೇ ಒಂದಿಷ್ಟು ಸಕ್ಕರೆ ಬೆರೆಸಿ ಹೇಳುತ್ತಾರೆ. ಪಾಪ, ನಂಬಿದರು, ಮೋಸ ಹೋದರು, ಆ ಕೊರಗಿನಲ್ಲೇ ತೀರಿಕೊಂಡರು ಎನ್ನುತ್ತಾರೆ. ಬೈಯುವವರಿಗೂ ಮರುಗುವವರಿಗೂ ಬೇಕಾಗಿರುವುದು ಒಬ್ಬ ಭೋಳೆ ಮನುಷ್ಯ. ನನ್ನ ತಕರಾರು ಇಬ್ಬರ ಮೇಲೂ ಇದೆ. 1947ರಿಂದ 1962ರವರೆಗಿನ ಹದಿನೈದು ವರ್ಷಗಳ ಟಿಪ್ಪಣಿ, ಪತ್ರ, ಶ್ವೇತಪತ್ರಗಳಲ್ಲಿ ಕಾಣುವ ನೆಹರೂ ಭೋಳೆ ಅಲ್ಲವೇ ಅಲ್ಲ. ಚೀನಾದ ಮೇಲೆ ಅವರಿಗೆ ಮೊದಲಿನಿಂದಲೂ ಸಂಶಯವಿತ್ತು. ಆ ಸಂಶಯ ಇಟ್ಟುಕೊಂಡೇ ಅವರು ಒಂದು ಲೆಕ್ಕ ಹಾಕಿದರು. ಲೆಕ್ಕ ತಪ್ಪಿದಾಗ ಮಾತುಕತೆಯ ಬಾಗಿಲು ಹಾಕಿ ಪಟ್ಟು ಬಿಗಿ ಮಾಡಿದರು. ಆ ಪಟ್ಟಿಗೆ ತಕ್ಕ ಸೈನ್ಯ ಕೈಯಲ್ಲಿರಲಿಲ್ಲ. 1962ರಲ್ಲಿ ಸೋತದ್ದು ಈ ಬಿಗಿಪಟ್ಟು. ಇದು ನೆಹರೂ ಪರ ವಕಾಲತ್ತು ಎಂದು ಯಾರೂ ಓದಬೇಕಾಗಿಲ್ಲ. ಅವರ ಮೇಲೆ ಹೊರಿಸಬಹುದಾದ ಆರೋಪಗಳಲ್ಲಿ ಭೋಳೆತನವೇ ಅತ್ಯಂತ ಹಗುರವಾದದ್ದು. ನಾನು ಹೊರಿಸುತ್ತಿರುವುದು ಅದಕ್ಕಿಂತ ಭಾರದ್ದು.

ಕುರ್ಚಿಯ ಮಾತನ್ನು ಮೊದಲು ಮುಗಿಸಿಬಿಡೋಣ, ಅದಕ್ಕೆ ಹೆಚ್ಚು ಜಾಗ ಬೇಡ. 1950ರಲ್ಲಿ ಭದ್ರತಾ ಮಂಡಳಿಯಲ್ಲಿ ಭಾರತಕ್ಕೆ ಎರಡು ವರ್ಷದ ತಾತ್ಕಾಲಿಕ ಸ್ಥಾನವಿತ್ತು. ಕೊರಿಯಾ ಯುದ್ಧ ಶುರುವಾದ ಜೂನ್ ತಿಂಗಳಲ್ಲಿ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ನಮ್ಮ ಕರಾವಳಿ ಮೂಲದ ಬೆನಗಲ್ ನರಸಿಂಗ ರಾಯರು. ಚೀನಾದ ಕಾಯಂ ಕುರ್ಚಿಯಲ್ಲಿ ಆಗ ಕೂತಿದ್ದದ್ದು ತೈವಾನಿನ ಚಿಯಾಂಗ್ ಕೈಶೇಕ್ ಸರ್ಕಾರ. ಅದು ಅಲ್ಲಿಂದ ಎದ್ದದ್ದು 1971ರ ಅಕ್ಟೋಬರಿನಲ್ಲಿ. ಕುರ್ಚಿ ಖಾಲಿಯೇ ಇರಲಿಲ್ಲ. ಬೇರೊಬ್ಬರನ್ನು ಕೂರಿಸಬೇಕೆಂದರೆ ವಿಶ್ವಸಂಸ್ಥೆಯ ಸನ್ನದನ್ನೇ ತಿದ್ದಬೇಕಿತ್ತು, ಅದಕ್ಕೆ ಐದೂ ಕಾಯಂ ಸದಸ್ಯರು ಒಪ್ಪಬೇಕಿತ್ತು. ಅಮೆರಿಕ 1950ರಲ್ಲಿ ನಮ್ಮ ರಾಯಭಾರಿ ವಿಜಯಲಕ್ಷ್ಮಿ ಪಂಡಿತರ ಕಿವಿಯಲ್ಲಿ, ಸೋವಿಯತ್ ಪ್ರಧಾನಿ ಬುಲ್ಗಾನಿನ್ 1955ರಲ್ಲಿ ನೆಹರೂ ಮುಂದೆ ಭಾರತಕ್ಕೆ ಕಾಯಂ ಸ್ಥಾನದ ಮಾತನ್ನು ಆಡಿದ್ದು ನಿಜ. ಇಬ್ಬರೂ ಭಾರತವನ್ನು ತೂಗಿ ನೋಡುತ್ತಿದ್ದರು. ಕೈಯಲ್ಲಿಲ್ಲದ್ದನ್ನು ದಾನ ಕೊಟ್ಟರು ಎಂಬ ಆರೋಪದಲ್ಲಿ ಹುರುಳಿಲ್ಲ.

ಪಟೇಲರ ಪತ್ರ ಮಾತ್ರ ಗಂಭೀರ ವಿಷಯ. 1950ರ ಅಕ್ಟೋಬರಿನಲ್ಲಿ ಚೀನೀ ಸೇನೆ ಟಿಬೆಟ್ಟಿಗೆ ನುಗ್ಗಿತು. ನವೆಂಬರ್ 7ರಂದು ಪಟೇಲರು ನೆಹರೂಗೆ ದೀರ್ಘ ಪತ್ರ ಬರೆದರು. ಉತ್ತರದ ಗಡಿ ಇನ್ನು ನಿಶ್ಚಿಂತೆಯ ಗಡಿಯಲ್ಲ, ರಸ್ತೆ ಬೇಕು, ಗುಪ್ತಚರ ವ್ಯವಸ್ಥೆ ಬೇಕು, ಗಡಿಠಾಣೆ ಬೇಕು, ವಿಶ್ವಸಂಸ್ಥೆಯಲ್ಲಿ ಚೀನಾದ ಪರ ವಾದಿಸಬೇಕೇ ಎಂದು ಮರುಯೋಚಿಸಬೇಕು ಎಂದರು. ಮುಂದಿನ ತಿಂಗಳ 15ರಂದು ಅವರು ತೀರಿಕೊಂಡರು. ಆ ಪತ್ರ ಕಸದ ಬುಟ್ಟಿಗೆ ಹೋಯಿತು ಎಂದು ನಮ್ಮ ಕತೆ ಹೇಳುತ್ತದೆ. ಹೋಗಲಿಲ್ಲ. ನವೆಂಬರ್ 20ರಂದು ನೆಹರೂ ಸಂಸತ್ತಿನಲ್ಲಿ ನಿಂತು, ಚೀನಾದ ನಕ್ಷೆ ಏನೇ ಹೇಳಲಿ, ಪೂರ್ವದಲ್ಲಿ ಮೆಕ್‌ಮಹೋನ್ ರೇಖೆಯೇ ನಮ್ಮ ಗಡಿ ಎಂದರು. ಹಿಮ್ಮತ್‌ಸಿಂಹಜಿ ನೇತೃತ್ವದ ಗಡಿರಕ್ಷಣಾ ಸಮಿತಿ ಕೂತಿತು, ಗಡಿಯಲ್ಲಿ ಅಲ್ಲಲ್ಲಿ ಠಾಣೆಗಳು ಬಂದವು. ಭೂತಾನ್, ನೇಪಾಳ, ಸಿಕ್ಕಿಂ ಮೂರರ ಜೊತೆಗೂ 1949-50ರಲ್ಲೇ ಒಪ್ಪಂದಗಳಾದವು.

ತವಾಂಗ್ ಕತೆಯಂತೂ ಈ ವಾದವನ್ನು ಬುಡಮೇಲು ಮಾಡುತ್ತದೆ. ಅಲ್ಲಿ 1951ರವರೆಗೂ ಕಂದಾಯ ವಸೂಲಿ ಮಾಡುತ್ತಿದ್ದವರು ಲ್ಹಾಸಾದ ಅಧಿಕಾರಿಗಳು. ಮಣಿಪುರದ ತಾಂಗ್‌ಖುಲ್ ನಾಗಾ ಮೇಜರ್ ರಾಲೆಂಗ್ನಾವ್ ಖಾತಿಂಗ್ ಅಸ್ಸಾಂ ರೈಫಲ್ಸ್‌ನ ಒಂದು ತುಕಡಿಯೊಂದಿಗೆ ಹಿಮದ ದಾರಿ ಹತ್ತಿ ಫೆಬ್ರವರಿಯಲ್ಲಿ ಅಲ್ಲಿಗೆ ತಲುಪಿ, ಭಾರತದ ಆಡಳಿತ ಸ್ಥಾಪಿಸಿದರು. ಲ್ಹಾಸಾ ಪ್ರತಿಭಟಿಸಿತು, ಬೀಜಿಂಗ್ ತುಟಿ ಬಿಚ್ಚಲಿಲ್ಲ. ಪಟೇಲರು ತೀರಿಕೊಂಡು ಎರಡು ತಿಂಗಳೂ ತುಂಬಿತ್ತೋ ಇಲ್ಲವೋ, ಚೀನಾವನ್ನು ಕೇಳದೆ, ಟಿಬೆಟ್ಟನ್ನು ಕೇಳದೆ ತವಾಂಗನ್ನು ವಶಕ್ಕೆ ತೆಗೆದುಕೊಂಡ ಸರ್ಕಾರಕ್ಕೆ ಪಾರಿವಾಳದ ಸರ್ಕಾರ ಎನ್ನುವುದು ಹೇಗೆ?

ಇನ್ನು 1954. ಏಪ್ರಿಲ್ 29ರ ಪಂಚಶೀಲ ಒಪ್ಪಂದದಲ್ಲಿ ಭಾರತ ಟಿಬೆಟ್ಟನ್ನು ಚೀನಾದ ಪ್ರದೇಶ ಎಂದು ಕರೆಯಿತು, ಬ್ರಿಟಿಷರಿಂದ ಬಂದ ಹಕ್ಕುಗಳನ್ನು ಬಿಟ್ಟುಕೊಟ್ಟಿತು. ಬಿಟ್ಟುಕೊಟ್ಟದ್ದೇನು? ಯಾತುಂಗ್, ಗ್ಯಾಂತ್ಸೆಯಲ್ಲಿದ್ದ ಸಣ್ಣ ಬೆಂಗಾವಲು ಪಡೆ, ಒಂದು ಅಂಚೆ-ತಂತಿ ಜಾಲ, ಕೆಲವು ತಂಗುಮನೆಗಳು. ಟಿಬೆಟ್ಟಿನಲ್ಲಿ ಚೀನೀ ಸೇನೆ ಬೀಡುಬಿಟ್ಟ ಮೇಲೆ ಅವನ್ನು ಉಳಿಸಿಕೊಳ್ಳುವ ದಾರಿ ಇರಲಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಅವನ್ನು ಬಿಡುವಾಗ ಪ್ರತಿಯಾಗಿ ಗಡಿಯನ್ನು ಯಾಕೆ ಬರೆಸಿಕೊಳ್ಳಲಿಲ್ಲ? ಇದು ದೆಹಲಿಗೆ ಹೊಳೆಯಲಿಲ್ಲವೇ? ಚೆನ್ನಾಗಿಯೇ ಹೊಳೆದಿತ್ತು. ವಿದೇಶಾಂಗ ಖಾತೆಯ ಹಿರಿತಲೆ ಗಿರಿಜಾಶಂಕರ ಬಾಜಪೇಯಿ, ಗಡಿ ವಿಷಯ ಎತ್ತಲೇಬೇಕು ಎಂದು ಪಟ್ಟು ಹಿಡಿದರು. ಬೀಜಿಂಗಿನಲ್ಲಿದ್ದ ರಾಯಭಾರಿ ಕೆ.ಎಂ. ಪಣಿಕ್ಕರ್ ಬೇಡ ಎಂದರು. ನಾವೇ ಎತ್ತಿದರೆ ಅದು ವಿವಾದವಾಗುತ್ತದೆ, ಚೀನಾ ಸುಮ್ಮನಿರುವಷ್ಟು ದಿನ ನಮ್ಮ ಸ್ವಾಧೀನ ಗಟ್ಟಿಯಾಗುತ್ತದೆ ಎಂಬುದು ಅವರ ವಾದ. ಚೀನಾ ಗಡಿಯ ಸುದ್ದಿಯನ್ನೇ ಎತ್ತದಿರುವುದು ವಿಚಿತ್ರವಾಗಿದೆ ಎಂದು ನೆಹರೂ 1952ರಲ್ಲೇ ಗಮನಿಸಿದ್ದರು. ಆದರೂ ಕೊನೆಗೆ ಪಣಿಕ್ಕರ್ ವಾದಕ್ಕೆ ಒಪ್ಪಿದರು. ನಂಬಿಕೆಯಿಂದ ಕುರುಡಾದವರು ಹೀಗೆ ಯೋಚಿಸುವುದಿಲ್ಲ. ಇದು ಪಕ್ಕಾ ಆಸ್ತಿ ದಾವೆಯ ಬುದ್ಧಿ: ಎದುರಾಳಿ ಬಾಯಿ ಬಿಡುವ ಮೊದಲೇ ಬೇಲಿ ಹಾಕಿಕೊಂಡುಬಿಡು.

ಬೇಲಿ ಹಾಕಿದ್ದೂ ಆಯಿತು. ಒಪ್ಪಂದಕ್ಕೆ ಸಹಿ ಬಿದ್ದು ಎರಡು ತಿಂಗಳಾಗಿತ್ತು ಅಷ್ಟೆ. 1954ರ ಜುಲೈ 1ರ ಟಿಪ್ಪಣಿಯಲ್ಲಿ ನೆಹರೂ ಆದೇಶ ಕೊಟ್ಟರು: ಹಳೆಯ ನಕ್ಷೆಗಳನ್ನು ಹಿಂತೆಗೆಯಿರಿ, ಹೊಸ ನಕ್ಷೆಯಲ್ಲಿ ಉತ್ತರದ ಗಡಿಯನ್ನು ಸ್ಪಷ್ಟವಾದ ಗೆರೆಯಾಗಿ ತೋರಿಸಿ, ಆ ಗೆರೆ ಯಾರೊಂದಿಗೂ ಚರ್ಚೆಯ ವಿಷಯವಲ್ಲ. ಅಲ್ಲಿಯವರೆಗಿನ ಸರ್ವೇ ಇಲಾಖೆಯ ನಕ್ಷೆಯಲ್ಲಿ ಲಡಾಖಿನ ಪೂರ್ವ ಅಂಚಿಗೆ ಗಡಿ ಗುರುತಾಗಿಲ್ಲ ಎಂದೇ ಬರೆದಿರುತ್ತಿತ್ತು. ಅಕ್ಸಾಯ್ ಚಿನ್‌ನಲ್ಲಿ ನಮ್ಮ ಠಾಣೆ ಇರಲಿಲ್ಲ, ತಹಶೀಲ್ದಾರರಿರಲಿಲ್ಲ, ಒಬ್ಬ ಪೇದೆಯೂ ಇರಲಿಲ್ಲ. ನಕ್ಷೆಯಲ್ಲಿ ಮಾತ್ರ ಗೆರೆ ಬಿತ್ತು. ಪಂಚಶೀಲದ ಭಾಷಣಗಳನ್ನು ನೆನೆದು ನಗುವವರು ಯಾರೂ ಈ ಜುಲೈ ಟಿಪ್ಪಣಿಯ ಸುದ್ದಿ ಎತ್ತುವುದಿಲ್ಲ. ಅದರಲ್ಲಿರುವ ನೆಹರೂ ಅವರ ಕತೆಗೆ ಒಗ್ಗುವುದಿಲ್ಲವಲ್ಲ.

ಚೀನಾ ಸಾಚಾ ಎಂದು ನಾನು ಹೇಳುತ್ತಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ನೆಹರೂ ಬೀಜಿಂಗಿಗೆ ಹೋಗಿ ಚೀನೀ ನಕ್ಷೆಗಳ ಬಗ್ಗೆ ಕೇಳಿದಾಗ, ಅವೆಲ್ಲ ಹಳೆಯ ಸರ್ಕಾರದ ನಕ್ಷೆಗಳು, ತಿದ್ದಲು ಪುರುಸೊತ್ತಾಗಿಲ್ಲ ಎಂದು ಚೀನಾದ ಪ್ರಧಾನಿ ಚೌ ಎನ್‌ಲಾಯ್ ನುಣುಚಿಕೊಂಡರು. ನಮ್ಮ ನಕ್ಷೆಯ ಅಕ್ಸಾಯ್ ಚಿನ್ ಮೇಲೆ ಸದ್ದಿಲ್ಲದೆ ರಸ್ತೆ ಹಾಕಿದರು. ರಸ್ತೆ ಮುಗಿದ ಸುದ್ದಿ 1957ರಲ್ಲಿ ನಮ್ಮ ರಾಯಭಾರ ಕಚೇರಿಗೆ ತಿಳಿದದ್ದು ಚೀನೀ ಪತ್ರಿಕೆಯಿಂದ. 1959ರ ಜನವರಿಯಲ್ಲಿ ಚೌ, ಗಡಿ ಎಂದೂ ವಿಧ್ಯುಕ್ತವಾಗಿ ಗುರುತಾಗಿಯೇ ಇಲ್ಲ ಎಂದು ಬರೆದರು. ಇಬ್ಬರೂ ಐದು ವರ್ಷ ಒಬ್ಬರನ್ನೊಬ್ಬರು ಕೇಳದೆ ತಮ್ಮ ತಮ್ಮ ಕೆಲಸ ಮಾಡಿಕೊಂಡಿದ್ದರು. ಒಬ್ಬರದ್ದು ಕಾಗದದ ಮೇಲೆ, ಇನ್ನೊಬ್ಬರದ್ದು ನೆಲದ ಮೇಲೆ. ಪ್ರಪಂಚದಲ್ಲಿ ನೆಲದ ಮೇಲಿನ ಕೆಲಸಕ್ಕೆ ತೂಕ ಜಾಸ್ತಿ.

1959ರ ಮಾರ್ಚಿನಲ್ಲಿ ಲ್ಹಾಸಾ ದಂಗೆ ಎದ್ದಿತು, ದಲೈ ಲಾಮಾ ಗಡಿ ದಾಟಿ ಬಂದರು. ಚೀನಾವನ್ನು ಓಲೈಸುವುದೇ ಗುರಿಯಾಗಿದ್ದರೆ ಅವರಿಗೆ ಆಶ್ರಯ ಕೊಡುವ ಅಗತ್ಯವಿರಲಿಲ್ಲ. ಕೊಟ್ಟದ್ದು ಸರಿಯಾಗಿತ್ತು. ನಮ್ಮ ಬೈಲಕುಪ್ಪೆಯಲ್ಲಿ ಕಾಡು ಕಡಿದು ಜೋಳ ಬಿತ್ತಿದ ಟಿಬೆಟನ್ನರ ಮೊಮ್ಮಕ್ಕಳು ಇವತ್ತು ಪಿರಿಯಾಪಟ್ಟಣದ ಸಂತೆಯಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಆದರೆ ಅಲ್ಲಿಂದ ಮುಂದೆ ಎಲ್ಲವೂ ಸರಸರನೆ ಕೆಟ್ಟಿತು. ಆಗಸ್ಟಿನಲ್ಲಿ ಲಾಂಗ್ಜು ಚಕಮಕಿ ನಡೆಯಿತು. ಅಕ್ಸಾಯ್ ಚಿನ್ ರಸ್ತೆಯ ಸುದ್ದಿಯನ್ನು ಅಷ್ಟು ಕಾಲ ಮುಚ್ಚಿಟ್ಟುಕೊಂಡಿದ್ದ ನೆಹರೂ ಆಗ ಸಂಸತ್ತಿಗೆ ಹೇಳಿದರು. ಸೆಪ್ಟೆಂಬರಿನಲ್ಲಿ ಎರಡು ಸರ್ಕಾರಗಳ ನಡುವಿನ ಪತ್ರಗಳನ್ನೆಲ್ಲ ಶ್ವೇತಪತ್ರವಾಗಿ ಅಚ್ಚು ಹಾಕಿದರು. ಅಕ್ಟೋಬರ್ 21ರಂದು ಕೊಂಗ್ಕಾ ಲಾದಲ್ಲಿ ನಮ್ಮ ಪೊಲೀಸರು ಗುಂಡಿಗೆ ಬಲಿಯಾದರು. ಇಂದಿಗೂ ಆ ದಿನವನ್ನೇ ಪೊಲೀಸ್ ಹುತಾತ್ಮರ ದಿನವಾಗಿ ಆಚರಿಸುತ್ತೇವೆ.

ಇಲ್ಲಿದೆ ನೋಡಿ ನನ್ನ ಆರೋಪದ ಮೊದಲರ್ಧ. ಐದು ವರ್ಷ ಜನರಿಂದ ಎಲ್ಲವನ್ನೂ ಬಚ್ಚಿಟ್ಟು, ಕೆಲವೇ ದಿನಗಳಲ್ಲಿ ಎಲ್ಲವನ್ನೂ ಬೀದಿಗೆ ಸುರಿದರು. ಹಾಗೆ ಸುರಿದ ಮೇಲೆ ಮಾತುಕತೆಗೆ ಜಾಗ ಉಳಿಯಲಿಲ್ಲ. ಇನ್ನು ಬರೆಯುವ ಪ್ರತಿ ಪತ್ರವೂ ಚೌಗಿಂತ ಮೊದಲು ಲೋಕಸಭೆ ಓದಬೇಕಾದ ಪತ್ರ. ಗಡಿ ಎಂದೋ ಇತ್ಯರ್ಥವಾಗಿದೆ ಎಂದು ನಂಬಿಕೊಂಡಿದ್ದ ಜನಕ್ಕೆ, ಇತ್ಯರ್ಥವಾಗಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹೀಗಿರುವಾಗ 1960ರ ಏಪ್ರಿಲ್ 19ರಂದು ಚೌ ದೆಹಲಿಗೆ ಬಂದಿಳಿದರು. ನನ್ನ ಮಟ್ಟಿಗೆ ಇಡೀ ಚರಿತ್ರೆಯ ನಡುಗಂಬ ಈ ಒಂದು ವಾರ. 1962ರ ಬಗ್ಗೆ ಬಾಯಿತುಂಬ ಮಾತಾಡುವವರು ಇದರ ಬಗ್ಗೆ ಬಾಯಿ ಬಿಡುವುದೇ ಇಲ್ಲ. ಬರುವ ಮುನ್ನ ಚೌ ರಂಗೂನಿಗೆ ಹೋಗಿದ್ದರು. ಬರ್ಮಾ ಜೊತೆಗಿನ ಗಡಿ ಒಪ್ಪಂದ ಜನವರಿಯಲ್ಲೇ ಆಗಿತ್ತು. ಅದರಲ್ಲಿ ಚೀನಾ ಮೆಕ್‌ಮಹೋನ್ ರೇಖೆಯ ಬರ್ಮಾ ಭಾಗವನ್ನು, ಆ ಹೆಸರೆತ್ತದೆ, ಹೆಚ್ಚು ಕಡಿಮೆ ಹಾಗೆಯೇ ಒಪ್ಪಿತ್ತು. ಬರ್ಮಾ ಮೂರು ಹಳ್ಳಿಗಳ ಪ್ರದೇಶ ಬಿಟ್ಟುಕೊಟ್ಟಿತ್ತು. ದೆಹಲಿಯಲ್ಲಿ ಚೌ ಸೂಚಿಸಿದ್ದೂ ಇದೇ ಜಾತಿಯದು. ಪೂರ್ವದಲ್ಲಿ ನೀವಿರುವಲ್ಲಿ ನೀವಿರಿ, ಪಶ್ಚಿಮದಲ್ಲಿ ನಾವಿರುವಲ್ಲಿ ನಾವಿರುತ್ತೇವೆ. ಬಾಯಿಬಿಟ್ಟು ವಿನಿಮಯ ಎಂದು ಹೇಳದಿದ್ದರೂ, ಹೊರಡುವ ಮುನ್ನ ಅವರು ಓದಿದ ಆರು ಅಂಶಗಳ ಹೇಳಿಕೆಯ ತಾತ್ಪರ್ಯ ಎಲ್ಲರಿಗೂ ಗೊತ್ತಿತ್ತು.

ದೆಹಲಿ ಅವರಿಗೆ ಕೊಟ್ಟ ಸ್ವಾಗತ ನೋಡಿ. ನೆಹರೂ ಜೊತೆ ಸುಮಾರು ಇಪ್ಪತ್ತು ಗಂಟೆ ಮಾತಾಯಿತು. ಅದು ಸಾಲದೆಂಬಂತೆ ಅವರನ್ನು ಒಬ್ಬೊಬ್ಬ ಮಂತ್ರಿಯ ಮನೆಗೂ ಕಳಿಸಿದರು. ಗೃಹಮಂತ್ರಿ ಗೋವಿಂದವಲ್ಲಭ ಪಂತ್ ಗಡಿಯ ಪಾಠ ಹೇಳಿದರು. ದಲೈ ಲಾಮಾಗೆ ಆಶ್ರಯ ಕೊಟ್ಟಿದ್ದೇಕೆ ಎಂದಾಗ ಮೊರಾರ್ಜಿ ದೇಸಾಯಿ, ಲೆನಿನ್ನನಿಗೆ ಬ್ರಿಟನ್ ಆಶ್ರಯ ಕೊಟ್ಟಿರಲಿಲ್ಲವೇ ಎಂದು ತಿರುಗೇಟು ಕೊಟ್ಟರು. ಖಾರವಾದ ಮಾತು, ಸರಿಯಾದ ಮಾತೂ ಹೌದು. ಆದರೆ ಗಡಿ ಬಗೆಹರಿಸಲು ಬಂದವರ ಮುಂದೆ ನಮ್ಮವರೆಲ್ಲ ವಾದದಲ್ಲಿ ಗೆಲ್ಲುವ ಉಮೇದಿನಲ್ಲಿದ್ದರು. ಹೊರಗೆ ಜನಸಂಘದ ಪ್ರದರ್ಶನ. ಹಿಂದಿನ ತಿಂಗಳಷ್ಟೇ ಬೆರೂಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನ ತಿದ್ದುಪಡಿ ಇಲ್ಲದೆ ದೇಶದ ನೆಲವನ್ನು ಯಾರಿಗೂ ಬಿಟ್ಟುಕೊಡುವಂತಿಲ್ಲ ಎಂದಿತ್ತು. ಸಂಪುಟ, ಸಂಸತ್ತು, ಕೋರ್ಟು, ಬೀದಿ ನಾಲ್ಕೂ ಒಂದೇ ಕಡೆ. ಏಪ್ರಿಲ್ 25ರ ರಾತ್ರಿ ಪತ್ರಕರ್ತರ ಮುಂದೆ ತಮ್ಮ ಆರು ಅಂಶ ಓದಿ, ಮರುದಿನ ಚೌ ಕಠ್ಮಂಡುವಿಗೆ ಹೊರಟುಹೋದರು.

ಆ ಹೊತ್ತಿನ ಚೀನಾ ಹೇಗಿತ್ತು? ಮಹಾ ಜಿಗಿತದ ಹುಚ್ಚಾಟದಿಂದ ಹಳ್ಳಿಗಳಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಸೋವಿಯತ್ ಜೊತೆಗಿನ ಜಗಳ ಬಹಿರಂಗಕ್ಕೆ ಬರುತ್ತಿತ್ತು. ಟಿಬೆಟ್ ಹೊಗೆಯಾಡುತ್ತಿತ್ತು. ವಿಶ್ವಸಂಸ್ಥೆಯಲ್ಲಿ ಜಾಗವಿರಲಿಲ್ಲ. ಮೇಲೇರುತ್ತಿರುವ ಶಕ್ತಿಯೊಂದಿಗೆ ಲೆಕ್ಕ ಚುಕ್ತಾ ಮಾಡಿಕೊಳ್ಳಬೇಕಾದದ್ದು ಅದು ಮೇಲೇರುವ ಮೊದಲು. ಬರ್ಮಾ ಇದನ್ನು ಅರಿತಿತ್ತು. 1961ರಲ್ಲಿ ನೇಪಾಳವೂ ಸಹಿ ಹಾಕಿತು. ನಮ್ಮ ಮುಂದೆ ಬಂದದ್ದು ಒಳ್ಳೆಯ ಒಪ್ಪಂದವಾಗಿತ್ತೇ ಎಂದು ಕೇಳಿದರೆ, ಪರಮ ಒಳ್ಳೆಯದಲ್ಲ. ಕದ್ದು ರಸ್ತೆ ಹಾಕಿದವನಿಗೆ ಆ ನೆಲ ಬರೆದುಕೊಡುವುದು ಯಾರಿಗೂ ರುಚಿಸದು. ಆದರೆ ಆಮೇಲೆ ಬೆಲೆ ಏರಿತೇ ಹೊರತು ಇಳಿಯಲಿಲ್ಲ. 1980ರಲ್ಲಿ ಡೆಂಗ್ ಷಿಯಾವೊಪಿಂಗ್ ಇದೇ ಮಾತನ್ನು ಮತ್ತೆ ಆಡಿದರು, ನಾವು ಹಿಡಿಯಲಿಲ್ಲ. 1985ರ ಹೊತ್ತಿಗೆ ಚೀನಾ ಪೂರ್ವದಲ್ಲೂ ನೆಲ ಬೇಕು ಎನ್ನತೊಡಗಿತು, ಈಗಲೂ ತವಾಂಗ್ ಕೇಳುತ್ತಿದೆ.

ಇನ್ನು ನನ್ನ ಆರೋಪದ ಉಳಿದರ್ಧ. ಮಾತುಕತೆ ಮುರಿದ ಮೇಲೆ ಏನು ಮಾಡಿದೆವು? ಭೋಳೆ ಮನುಷ್ಯನಾಗಿದ್ದರೆ ಮತ್ತೊಂದು ಪಾರಿವಾಳ ಹಾರಿಸುತ್ತಿದ್ದ. 1961ರ ನವೆಂಬರ್ 2ರಂದು ನೆಹರೂ, ರಕ್ಷಣಾ ಸಚಿವ ಕೃಷ್ಣ ಮೆನನ್, ಸೇನಾ ಮುಖ್ಯಸ್ಥ ಥಾಪರ್, ಗುಪ್ತಚರ ದಳದ ಮಲ್ಲಿಕ್ ಕೂತು ಮುನ್ನಡೆ ನೀತಿಗೆ ಒಪ್ಪಿಗೆ ಕೊಟ್ಟರು. ಚೀನೀ ಠಾಣೆಗಳ ನಡುವೆ, ಹಿಂದೆ, ಅವರ ಸರಬರಾಜಿನ ದಾರಿಗೆ ಅಡ್ಡವಾಗಿ ನಮ್ಮ ಸಣ್ಣ ಸಣ್ಣ ಠಾಣೆಗಳನ್ನು ಹಾಕುವುದು. ಚೀನಾ ಗುಂಡು ಹಾರಿಸುವುದಿಲ್ಲ ಎಂಬುದು ಮಲ್ಲಿಕ್ ಅಂದಾಜು. ಇಡೀ ನೀತಿ ಈ ಅಂದಾಜಿನ ಮೇಲೆ ನಿಂತಿತ್ತು. ಮರುತಿಂಗಳು ಗೋವಾ ಸುಲಭವಾಗಿ ಕೈಗೆ ಬಂದದ್ದು ಹುಮ್ಮಸ್ಸನ್ನು ಇನ್ನಷ್ಟು ಏರಿಸಿತು.

ಆ ಠಾಣೆಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. 1962ರ ಜುಲೈ ಆರಂಭದಲ್ಲಿ ಗೂರ್ಖಾ ಪಡೆಯ ಒಂದು ಸಣ್ಣ ತುಕಡಿ ಗಲ್ವಾನ್ ಕಣಿವೆಯಲ್ಲಿ ಡೇರೆ ಹಾಕಿತು. ಒಂದು ವಾರದೊಳಗೆ ಚೀನೀಯರು ಸುತ್ತುವರಿದರು. ನೆಲದ ದಾರಿ ಬಂದ್. ಅನ್ನ, ಸೀಮೆಎಣ್ಣೆ, ಮದ್ದುಗುಂಡು ಎಲ್ಲವೂ ಹೆಲಿಕಾಪ್ಟರಿನಲ್ಲೇ ಬರಬೇಕು. ಮೂರು ತಿಂಗಳು ಹೀಗೇ ನಡೆಯಿತು. ಚೀನೀಯರು ಗುಂಡು ಹಾರಿಸದಿದ್ದದ್ದನ್ನು ದೆಹಲಿ ನೀತಿಯ ಗೆಲುವೆಂದು ಎಣಿಸಿತು. ಅಕ್ಟೋಬರಿನಲ್ಲಿ ಗೂರ್ಖಾಗಳ ಜಾಗಕ್ಕೆ ಜಾಟ್ ತುಕಡಿಯನ್ನು ಹೆಲಿಕಾಪ್ಟರಿನಲ್ಲೇ ಇಳಿಸಿದರು. 20ರ ದಾಳಿಯಲ್ಲಿ ಠಾಣೆ ಬಿತ್ತು.

ಇದನ್ನು ಮೊದಲೇ ಹೇಳಿದವರಿದ್ದರು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ ಸೇನೆಯ ನಿಜವಾದ ಸ್ಥಿತಿ ಬಲ್ಲವರು. ಕೃಷ್ಣ ಮೆನನ್ ಜೊತೆ ಹೊಂದಾಣಿಕೆಯಾಗದೆ 1959ರಲ್ಲೇ ರಾಜೀನಾಮೆ ಬರೆದು, ನೆಹರೂ ಮಾತಿಗೆ ಹಿಂತೆಗೆದುಕೊಂಡಿದ್ದವರು. ನಿವೃತ್ತಿಯಾದ ಮೇಲೆ, 1962ರ ಜುಲೈನಲ್ಲಿ 'ಸೆಮಿನಾರ್' ಪತ್ರಿಕೆಯಲ್ಲಿ ಬರೆದರು: ಸೈನಿಕನಾಗಿ, ಭಾರತ ಒಂಟಿಯಾಗಿ ಚೀನಾದ ಜೊತೆ ಬಹಿರಂಗ ಯುದ್ಧಕ್ಕಿಳಿಯುವುದನ್ನು ನಾನು ಊಹಿಸಲಾರೆ, ನಮ್ಮ ಭದ್ರತೆಯನ್ನು ರಾಜಕಾರಣಿಗಳು ಮತ್ತು ರಾಜತಾಂತ್ರಿಕರೇ ನೋಡಿಕೊಳ್ಳಬೇಕು. ಕೊಡಗಿನ ಈ ಯೋಧನಿಗೆ ಹೇಡಿ ಎನ್ನುವ ಎದೆ ಯಾರಿಗಿದೆ? ಆದರೆ ಅದೇ ತಿಂಗಳು ದೆಹಲಿಯಲ್ಲಿ ಮಾತುಕತೆ ಎಂದವರನ್ನೆಲ್ಲ ಹಾಗೆಯೇ ಕರೆಯುತ್ತಿದ್ದರು. ಅಕ್ಟೋಬರ್ 12ರಂದು ಕೊಲಂಬೊಗೆ ಹೊರಟ ನೆಹರೂ ವಿಮಾನ ನಿಲ್ದಾಣದಲ್ಲಿ, ನಮ್ಮ ನೆಲವನ್ನು ತೆರವು ಮಾಡಿಸಲು ಸೇನೆಗೆ ಆದೇಶವಾಗಿದೆ ಎಂದರು. ಪತ್ರಿಕೆಗಳು ಹಿಗ್ಗಿದವು. ಎಂಟು ದಿನಕ್ಕೆ ನಮ್ಕಾ ಛು ನದಿಯ ದಂಡೆಯಲ್ಲಿ, ಹತ್ತಿಬಟ್ಟೆಯ ಸಮವಸ್ತ್ರದಲ್ಲಿ ನಡುಗುತ್ತಿದ್ದ ಏಳನೇ ಬ್ರಿಗೇಡು ನುಚ್ಚುನೂರಾಯಿತು.

ಆ ಬ್ರಿಗೇಡಿನ ನಾಯಕ ಜಾನ್ ದಳವಿ ಸೆರೆ ಸಿಕ್ಕರು, ಬಿಡುಗಡೆಯಾಗಿ ಬಂದು 'ಹಿಮಾಲಯನ್ ಬ್ಲಂಡರ್' ಬರೆದರು. ರವಿ ಬೆಳಗೆರೆ ಅದನ್ನು ಕನ್ನಡಕ್ಕೆ ತಂದ ಮೇಲೆ ನಮ್ಮಲ್ಲಿ 1962 ಎಂದರೆ ಆ ಪುಸ್ತಕವೇ. ಅದರ ಸಿಟ್ಟನ್ನು ಎಲ್ಲರೂ ಜ್ಞಾಪಕ ಇಟ್ಟುಕೊಂಡಿದ್ದಾರೆ, ಸಿಟ್ಟಿನ ಕಾರಣ ಮರೆತಿದ್ದಾರೆ. ದಳವಿ ಕೆರಳಿದ್ದು ದೆಹಲಿ ಮೆದುವಾಗಿತ್ತು ಎಂದಲ್ಲ. ಕಂಬಳಿ ಇಲ್ಲದ, ಫಿರಂಗಿ ಇಲ್ಲದ ಪಡೆಗೆ ಎದುರಿನ ಗುಡ್ಡ ಹತ್ತಿ ಚೀನೀಯರನ್ನು ಓಡಿಸಿ ಎಂದು ದೆಹಲಿಯಿಂದ ಹುಕುಂ ಬರುತ್ತಿತ್ತು ಎಂದು. ನನ್ನ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಭೋಳೆತನದ ಕತೆ ಚರಿತ್ರೆಯ ಪುಸ್ತಕದಲ್ಲಿ ಸುಮ್ಮನೆ ಬಿದ್ದುಕೊಂಡಿದ್ದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ಅದು ಇವತ್ತಿಗೂ ಆಳುತ್ತಿದೆ. ಚೀನಾ ಜೊತೆ ಕೊಡು-ಕೊಳ್ಳುವ ಮಾತು ಎತ್ತಿದ ಯಾವ ಪ್ರಧಾನಿಯನ್ನಾದರೂ ಇನ್ನೊಬ್ಬ ನೆಹರೂ ಎಂದು ಜರೆಯಬಹುದು ಎಂಬ ಭಯ ಎಲ್ಲ ಪಕ್ಷಗಳಲ್ಲೂ ಇದೆ. ಆದ್ದರಿಂದ ಎಲ್ಲರೂ ಹೊರಗೆ ಗುಡುಗುತ್ತಾರೆ, ಒಳಗೆ ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ. 2020ರ ಜೂನ್ 15ರಂದು ಅದೇ ಗಲ್ವಾನಿನಲ್ಲಿ 20 ಯೋಧರು ಪ್ರಾಣ ಕೊಟ್ಟರು. ನಾಲ್ಕು ದಿನದ ನಂತರ ಸರ್ವಪಕ್ಷ ಸಭೆಯಲ್ಲಿ ಪ್ರಧಾನಿ ಮೋದಿ, ನಮ್ಮ ಗಡಿಯೊಳಗೆ ಯಾರೂ ನುಗ್ಗಿಲ್ಲ ಎಂದರು. ಚೀನೀ ಆ್ಯಪ್‌ಗಳನ್ನು ನಿಷೇಧಿಸಿದೆವು, ಆದರೂ 2024-25ರಲ್ಲಿ ಚೀನಾದೊಂದಿಗಿನ ನಮ್ಮ ವ್ಯಾಪಾರ ಕೊರತೆ ಸುಮಾರು 99 ಶತಕೋಟಿ ಡಾಲರ್ ಮುಟ್ಟಿತು. 1962ರ ನವೆಂಬರಿನಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಲೋಕಸಭೆ ವಾರವಿಡೀ ಚರ್ಚಿಸಿ 165 ಸದಸ್ಯರು ಮಾತಾಡಿದ್ದರು, ಗುಪ್ತ ಅಧಿವೇಶನ ಬೇಡ ಎಂದವರು ನೆಹರೂ. ಗಲ್ವಾನ್ ಬಗ್ಗೆ ಅಂಥ ಒಂದು ಚರ್ಚೆಯೂ ಆಗಲಿಲ್ಲ.

ಇನ್ನೊಂದು ಕಡತದ ಮಾತು ಉಳಿದಿದೆ. ಸೋಲಿನ ಕಾರಣ ಹುಡುಕಲು ಸೇನೆ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಇಬ್ಬರು ಅಧಿಕಾರಿಗಳಿಂದ ವಿಚಾರಣೆ ಮಾಡಿಸಿತು. 1963ರಲ್ಲಿ ಬಂದ ವರದಿಯನ್ನು ಕಾಂಗ್ರೆಸ್ ಸರ್ಕಾರಗಳು ಬಚ್ಚಿಟ್ಟವು, ಅದು ಸಹಜ. ನೆವಿಲ್ ಮ್ಯಾಕ್ಸ್‌ವೆಲ್ 2014ರಲ್ಲಿ ಅದರ ಒಂದು ಭಾಗವನ್ನು ಬಹಿರಂಗ ಮಾಡಿದಾಗ, ವಿರೋಧ ಪಕ್ಷದಲ್ಲಿದ್ದ ಅರುಣ್ ಜೇಟ್ಲಿ ಇಡೀ ವರದಿ ಹೊರಬರಲಿ ಎಂದರು. ನಾಲ್ಕು ತಿಂಗಳಲ್ಲಿ ಅವರೇ ರಕ್ಷಣಾ ಸಚಿವರಾಗಿದ್ದರು, ವರದಿ ಪ್ರಕಟಿಸುವುದು ದೇಶಹಿತಕ್ಕೆ ಒಳ್ಳೆಯದಲ್ಲ ಎಂದು ರಾಜ್ಯಸಭೆಗೆ ಉತ್ತರ ಕೊಟ್ಟರು. ನೆಹರೂ ತಪ್ಪನ್ನು ಜಗಜ್ಜಾಹೀರು ಮಾಡಲು ಇಷ್ಟು ಉತ್ಸಾಹವಿದ್ದವರು ಆ ತಪ್ಪಿನ ಅಧಿಕೃತ ದಾಖಲೆಗೆ ಬೀಗ ಹಾಕಿ ಕೂತಿದ್ದಾರೆ. ಹೊರಬಂದ ಪುಟಗಳನ್ನು ಓದಿದರೆ ಒಂದು ಕಾರಣ ಊಹಿಸಬಹುದು. ಅಲ್ಲಿ ಪಾರಿವಾಳದ ಸುದ್ದಿಯೇ ಇಲ್ಲ. ಅಗತ್ಯ ಬಲವಿಲ್ಲದೆ ಮುನ್ನಡೆ ನೀತಿಯನ್ನು ಜಾರಿಗೆ ತಂದದ್ದು, ಸೇನಾಧಿಕಾರಿಗಳು ಅದನ್ನು ತಡೆಯದೆ ತಲೆಯಾಡಿಸಿದ್ದು, ಅದರ ವಿವರವೇ ಅಲ್ಲಿರುವುದು.